ಸುಳ್ಳು ಸೊನ್ನೆ ಕೊಡಬೇಡ, ತಮ್ಮಾ

ತಮ್ಮಾ, ನೀನು ಬರೆಯುತ್ತಿರುವ ಎಮ್ಯುಲೇಟರ್ ನಾಳೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಡಿಟಿಪಿ ಅಂಗಡಿಗಳಲ್ಲೂ ಓಡಬೇಕು. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ ಕಟ್ಟಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿ ವರದಿಗಳನ್ನು ಇದ್ದ ಹಾಗೇ ತೆರೆಯಲು ಹಳೆಯ ವಿಂಡೋಸ್ ಬೇಕಾಗುತ್ತದೆ. ಆ ವಿಂಡೋಸ್ ಇದ್ದ ಇಡೀ ಕಂಪ್ಯೂಟರ್ ಈಗ ಒಂದೇ ಒಂದು ಫೈಲು, ಅಂದರೆ ಡಿಸ್ಕ್ ಇಮೇಜು. ಕೆಲಸದ ನಡುವೆ ಕರೆಂಟ್ ಹೋದರೂ ಸಾಕು, ಅದು ಕೆಡಬಹುದು. 2019ರ ಆಗಸ್ಟಿನಲ್ಲಿ ಘಟಪ್ರಭಾ ಹೊಳೆ ಗೋಕಾಕ ಪೇಟೆಗೇ ನುಗ್ಗಿತ್ತು. ನೆನೆದ ಹಾರ್ಡ್‌ಡಿಸ್ಕಿನಿಂದ ಎತ್ತಿದ ಇಮೇಜು ಪೂರ್ತಿ ಇರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡ.

ಅನುಮಾನ ಬಂದ ಇಮೇಜನ್ನು ಓದಲಿಕ್ಕೆ ಮಾತ್ರ ತೆರೆ. ದುರಸ್ತಿ ಏನಿದ್ದರೂ ನಕಲಿನ ಮೇಲೆ, ಅದೂ ಕೇಳಿಕೊಂಡು.

ವಿಎಚ್‌ಡಿ ಎಂಬ ಇಮೇಜ್ ಮಾದರಿಯನ್ನೇ ನೋಡು. ಅದರ ಕೊನೆಯ 512 ಬೈಟುಗಳು ‘ಕನೆಕ್ಟಿಕ್ಸ್’ ಎಂಬ ಗುರುತಿನಿಂದ ಶುರುವಾಗುತ್ತವೆ. ವರ್ಚುವಲ್ ಪಿಸಿ ಮಾಡಿದ ಕಂಪನಿಯ ಹೆಸರು ಅದು. ಅರ್ಧಕ್ಕೆ ನಿಂತ ಕಾಪಿಯಲ್ಲಿ ಮೊದಲು ಹೋಗುವುದೇ ಈ ಬಾಲ. ಆದರೆ ಬೇಕಾದಷ್ಟೇ ಬೆಳೆಯುವ ಡೈನಾಮಿಕ್ ವಿಎಚ್‌ಡಿಯಲ್ಲಿ ಅದರದೇ ಪ್ರತಿ ಫೈಲಿನ ತಲೆಯಲ್ಲೂ ಇರುತ್ತದೆ. ಬಾಲವಿಲ್ಲವೆಂದು ಫೈಲನ್ನೇ ತಳ್ಳಿಹಾಕದೆ ತಲೆ ನೋಡು, ಚೆಕ್‌ಸಮ್ ತಾಳೆ ಹಾಕು.

ಮುಂದಿನದು ಬ್ಲಾಕ್‌ಗಳ ಪಟ್ಟಿ. ಇದು ಊರಿನ ಖಾತೆ ಪುಸ್ತಕವಿದ್ದಂತೆ, ಯಾವ ತುಂಡು ಎಲ್ಲಿದೆ ಎಂದು ಹೇಳುತ್ತದೆ. ಪಟ್ಟಿಯಲ್ಲಿ ಬಳಕೆಯಲ್ಲಿರುವ ಒಂದು ನಮೂದು ಫೈಲಿನ ಅಳತೆ ದಾಟಿ ಆಚೆ ತೋರಿಸಿದರೆ ನಿನ್ನ ಪ್ರೋಗ್ರಾಂ ಕುಸಿದು ಬೀಳಬಾರದು. ಅದಕ್ಕಿಂತ ಕೆಟ್ಟದ್ದು, ಆ ಜಾಗಕ್ಕೆ ಸುಮ್ಮನೆ ಸೊನ್ನೆ ತುಂಬಿ ಕೊಡುವುದು. ಒಳಗಿನ ವಿಂಡೋಸ್ ಅದನ್ನು ನಿಜವೆಂದು ನಂಬುತ್ತದೆ. ಸೊನ್ನೆ ತುಂಬಿದ ಕಡತವನ್ನು ಅಂಗಡಿಯವರು ಮತ್ತೆ ಸೇವ್ ಮಾಡಿದರೆ ಉಳಿದಿದ್ದೂ ಹೋಯಿತು. ಆ ಸೆಕ್ಟರಿಗೆ ಮಾತ್ರ ಓದುವ ದೋಷ ಕೊಡು. ಹಳೆಯ ವಿಂಡೋಸಿಗೆ ಕೆಟ್ಟ ಸೆಕ್ಟರ್ ಹೊಸದಲ್ಲ. ಮಿಕ್ಕ ಕಡತಗಳನ್ನು ಹೊರಗೆ ತೆಗೆದುಕೊಳ್ಳಲು ಅವಕಾಶ ಉಳಿಯುತ್ತದೆ.

ಕ್ಯೂಎಮು ಎಂಬ ಎಮ್ಯುಲೇಟರ್ ಜೊತೆ ಬರುವ ಪರೀಕ್ಷಕ ಕೂಡ, ಅದರದೇ ಮಾದರಿಯಾದ ಕ್ಯೂಕೌ2 ಇಮೇಜನ್ನು, ನೀನು ಕೇಳದಿದ್ದರೆ, ಬರೀ ನೋಡಿ ವರದಿ ಕೊಡುತ್ತದೆ. ಎಲ್ಲವನ್ನೂ ಸರಿಮಾಡು ಎಂದರೆ ತಪ್ಪು ತಿದ್ದುಪಡಿ ಆಗಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಆ ಶಿಸ್ತು ನಿನಗೂ ಇರಲಿ.

‘ಫೈಲ್ ಅಮಾನ್ಯ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಪ್ಪ. ಎಲ್ಲಿ ಕೆಟ್ಟಿದೆ, ಎಷ್ಟು ಓದಲು ಬರುತ್ತದೆ, ಮೂಲಕ್ಕೆ ನಾವು ಏನೂ ಬರೆದಿಲ್ಲ, ಈ ಮೂರನ್ನೂ ಕನ್ನಡದಲ್ಲೇ ತೋರಿಸು. ಬಿಡುಗಡೆಗೆ ಮುಂಚೆ ಒಳ್ಳೆಯ ಇಮೇಜೊಂದರ ಬಾಲ ಕತ್ತರಿಸಿ, ಪಟ್ಟಿಯ ನಮೂದು ತಿರುಚಿ, ಎರಡು ಬ್ಲಾಕ್‌ಗಳಿಗೆ ಒಂದೇ ವಿಳಾಸ ಕೊಟ್ಟು, ಅದನ್ನೇ ನಿನ್ನ ಎಮ್ಯುಲೇಟರಿಗೆ ಉಣಿಸಿ ನೋಡು.