ಸಾಕುಹಾವು ಇಲಿ ಮುಟ್ಟದಿದ್ದರೆ

ಹಾವಿನ ಮೈಗೆ ಶಾಖ ಹೊರಗಿನಿಂದಲೇ ಬರಬೇಕು. ಸುತ್ತಲಿನ ಬಿಸಿ ಇಳಿದರೆ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವೂ ಅಡಗುತ್ತದೆ. ಆದ್ದರಿಂದ ಆಹಾರ ಬಿಟ್ಟ ಹಾವಿನ ವಿಷಯದಲ್ಲಿ ಮೊದಲು ಗೂಡನ್ನು ಪರೀಕ್ಷಿಸಬೇಕು, ಇಲಿಯ ವಿಚಾರ ಆಮೇಲೆ. ಬೇಗಾರು, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ತಿಂಗಳುಗಟ್ಟಲೆ ಸುರಿಯುವ ಮಳೆ, ಮಾಗಿಯ ಚಳಿ ಮತ್ತು ಆಗಾಗ ಕೈಕೊಡುವ ಕರೆಂಟಿನಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಸಾಕಬಹುದಾದ ಹಾವು

ನಾಗರ, ಕೇರೆ, ಹೆಬ್ಬಾವು, ಕಾಳಿಂಗದಂಥ ಇಲ್ಲಿನ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥ ಹಾವು ಯಾರ ಬಳಿಯಾದರೂ ಇದ್ದರೆ ತಿನ್ನಿಸುವ ಪ್ರಯತ್ನ ಬೇಡ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಸಾಕುವವರ ಬಳಿ ಸಾಮಾನ್ಯವಾಗಿ ಇರುವವು ಆಫ್ರಿಕಾ ಮೂಲದ ಬಾಲ್ ಪೈಥಾನ್ ಮತ್ತು ಅಮೆರಿಕ ಮೂಲದ ಕಾರ್ನ್ ಸ್ನೇಕ್. ಬಾಲ್ ಪೈಥಾನ್ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಅದನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು.

1. ತೂಕ ಮತ್ತು ದಿನಾಂಕ

ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದರಲ್ಲಿ ಹಾವನ್ನು ತೂಗಿ, ಕೊನೆಯ ಸಲ ತಿಂದ ದಿನದ ಜೊತೆ ಬರೆದಿಡಬೇಕು. ಬಲಿತ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿದ್ದೂ ತೂಕ ಅಷ್ಟಾಗಿ ಕಳೆದುಕೊಳ್ಳದಿರಬಹುದು. ಮರಿ ಬೇಗ ಸೊರಗುತ್ತದೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಕಾಯುವುದು ಸರಿಯಲ್ಲ.

2. ಸಹಜ ಕಾರಣಗಳು

ಕಣ್ಣು ಮಸುಕು ನೀಲಿಯಾಗಿ, ಮೈ ಕಳೆಗುಂದಿದ್ದರೆ ಪೊರೆ ಬಿಡುವ ಸಮಯ ಹತ್ತಿರ. ಪೊರೆ ಪೂರ್ತಿ ಕಳಚುವವರೆಗೆ ಆಹಾರ ಕೊಡುವ ಅಗತ್ಯವಿಲ್ಲ. ಕೂಡುವ ಕಾಲದ ಗಂಡು, ಮೊಟ್ಟೆ ತುಂಬಿದ ಹೆಣ್ಣು ಕೂಡ ತಿನ್ನುವುದನ್ನು ಬಿಡುತ್ತವೆ. ಹೊಸದಾಗಿ ತಂದ ಹಾವನ್ನು ಒಂದು ವಾರ ಕೈಯಲ್ಲಿ ಹಿಡಿಯದೆ ಬಿಟ್ಟು, ಆಮೇಲೆ ಮೊದಲ ಆಹಾರ ಕೊಡಬೇಕು.

3. ಶಾಖ, ತೇವ, ಅಡಗುತಾಣ

ಗೂಡಿನ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಬಾಲ್ ಪೈಥಾನ್‌ಗೆ ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿಯಲ್ಲಿ 25ರ ಆಸುಪಾಸು ಸಾಕು. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 28ರಿಂದ 30 ಡಿಗ್ರಿ ಇರಲಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲದಿದ್ದರೆ ಹೊಟ್ಟೆ ಸುಡುತ್ತದೆ. ಎರಡೂ ಬದಿಗೆ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು.

ಮಳೆಗಾಲದಲ್ಲಿ ಗಾಳಿಯ ತೇವವೇ ವಿಪರೀತ. ಹಾಸು ಒದ್ದೆಯಾದರೆ ಹುರುಪೆಗೆ ಸೋಂಕು ತಗಲುತ್ತದೆ, ಆದ್ದರಿಂದ ಅದನ್ನು ಆಗಾಗ ಬದಲಿಸಬೇಕು. ಕರೆಂಟ್ ಹೋದಾಗ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನ ಪಕ್ಕ ಇಡಬಹುದು. ಬಚ್ಚಲೊಲೆಯ ಹತ್ತಿರ ಬೆಚ್ಚಗಿರುತ್ತದೆಂದು ಅಲ್ಲಿಡಬಾರದು, ಹೊಗೆ ಹಾವಿನ ಉಸಿರಾಟಕ್ಕೆ ಕೆಟ್ಟದ್ದು. ಕರೆಂಟ್ ಬರುವ ಭರವಸೆ ಇಲ್ಲದ ದಿನ ಆಹಾರ ಕೊಡಲೂಬಾರದು. ಮೈ ತಣ್ಣಗಾದ ಹಾವಿನ ಹೊಟ್ಟೆಯಲ್ಲಿ ಇಲಿ ಜೀರ್ಣವಾಗದೆ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ.

4. ಆಹಾರ ಕೊಡುವ ರೀತಿ

ಇಲಿಯ ಗಾತ್ರ ಹಾವಿನ ನಡುಮೈ ದಪ್ಪವನ್ನು ಮೀರಬಾರದು. ಫ್ರೀಜರಿನ ಇಲಿಯನ್ನು ಮೊದಲು ಫ್ರಿಜ್ಜಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಬೇಕು. ಬಾಲ್ ಪೈಥಾನ್ ತುಟಿಯಂಚಿನ ಕುಳಿಗಳಿಂದ ಬೇಟೆಯ ಶಾಖವನ್ನು ಗುರುತಿಸುವುದರಿಂದ ತಣ್ಣನೆಯ ಇಲಿಯನ್ನು ಅದು ಗಮನಿಸದೇ ಇರಬಹುದು. ಕತ್ತಲಾದ ಮೇಲೆ ಉದ್ದನೆಯ ಇಕ್ಕಳದಿಂದ ಇಲಿಯನ್ನು ನಿಧಾನವಾಗಿ ಆಡಿಸಬೇಕು. ಹಿಡಿಯದಿದ್ದರೆ ಅಡಗುತಾಣದ ಬಾಯಲ್ಲಿಟ್ಟು ದೀಪ ಆರಿಸಿ, ಬೆಳಗ್ಗೆ ಉಳಿದಿದ್ದರೆ ಎಸೆಯಬೇಕು.

ಆಗಲೂ ತಿನ್ನದಿದ್ದರೆ ಮುಂದಿನ ಪ್ರಯತ್ನ ಒಂದು ವಾರದ ಮೇಲೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು: ಒಮ್ಮೆ ಚಿಕ್ಕ ಇಲಿ, ಇನ್ನೊಮ್ಮೆ ಹೆಗ್ಗಣದ ಮರಿಯ ಬದಲು ಚಿಟ್ಟಿಲಿ. ಹೀಗೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುತ್ತದೆ. ಜೀವಂತ ಇಲಿಯನ್ನು ಗೂಡಿನಲ್ಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯಗೊಳಿಸಬಹುದು. ಅಟ್ಟದಲ್ಲೋ ತೋಟದಲ್ಲೋ ಬೋನಿಗೆ ಬಿದ್ದ ಇಲಿ ಇಲಿಪಾಷಾಣ ತಿಂದಿರಬಹುದು, ಅದು ಬೇಡ. ಹಾವಿಗೆ ಹಾಲು ಆಹಾರವಲ್ಲ, ಶುದ್ಧ ನೀರು ಸದಾ ಇರಬೇಕು. ತೋಟಕ್ಕೆ ಮೈಲುತುತ್ತು ಹೊಡೆದು ಬಂದವರು ಕೈ ಚೆನ್ನಾಗಿ ತೊಳೆಯದೆ ಗೂಡು ಮುಟ್ಟಬಾರದು.

5. ವೈದ್ಯರ ಬಳಿಗೆ

ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಬಾಯಲ್ಲಿ ಕೀವು, ಹೊಟ್ಟೆಯಲ್ಲಿ ಗಂಟು, ಮತ್ತೆ ಮತ್ತೆ ಕಕ್ಕುವುದು, ಹುರುಪೆಯ ಸಂದಿಯಲ್ಲಿ ಉಣ್ಣೆ: ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಶಿವಮೊಗ್ಗ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸರೀಸೃಪಗಳಿಗೆ ಚಿಕಿತ್ಸೆ ನೀಡುವವರು ಇದ್ದಾರೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ ಹೊರಡುವುದು ಒಳ್ಳೆಯದು. ಬಾಯಿ ಬಿಡಿಸಿ ತುರುಕುವುದು, ನಳಿಕೆಯಲ್ಲಿ ಆಹಾರ ಹಾಕುವುದು ವೈದ್ಯರ ಕೆಲಸ. ಮನೆಯಲ್ಲಿ ಮಾಡಿದರೆ ಅನ್ನನಾಳ ಹರಿಯಬಹುದು, ಹೆದರಿದ ಹಾವು ಇನ್ನಷ್ಟು ದಿನ ತಿನ್ನದಿರಬಹುದು.

6. ತಿಂದ ಮೇಲೆ

ತಿಂದ ಹಾವನ್ನು ಎರಡು ದಿನ ಮುಟ್ಟಬಾರದು. ಬಹಳ ದಿನ ಹಸಿದ ಹಾವಿಗೆ ಮೊದಲ ಎರಡು ಮೂರು ಸಲ ವಾಡಿಕೆಗಿಂತ ಚಿಕ್ಕ ಇಲಿ ಕೊಟ್ಟು, ಕಕ್ಕದೆ ಮಲ ಹಾಕಿದ ಮೇಲೆ ಹಳೆಯ ಗಾತ್ರಕ್ಕೆ ಮರಳಬೇಕು. ತೂಕ ಮೊದಲಿನ ಮಟ್ಟಕ್ಕೆ ಬರುವವರೆಗೆ ವಾರಕ್ಕೊಮ್ಮೆ ತೂಗಿ ಬರೆದಿಡಬೇಕು.