ತುಂಬುವ ಬಾಯಿ ಮೊದಲು

ಆ ಶನಿವಾರ ಸಂಜೆ ಆರು ಗಂಟೆಗೆ ಹಳೆಯ ಎಣ್ಣೆ ತಟ್ಟೆಯಲ್ಲಿತ್ತು, ಹೊಸ ಎಣ್ಣೆ ಡಬ್ಬಿಯಲ್ಲಿತ್ತು. ಅದನ್ನು ಗೇರ್‌ಬಾಕ್ಸಿನೊಳಗೆ ಹಾಕುವ ಬಾಯಿ ಮಾತ್ರ ತೆರೆಯಲಿಲ್ಲ. 24 ಮಿಲಿಮೀಟರ್ ತಲೆಯ ಆ ಪ್ಲಗ್ ಮಿಷಿಗನ್ನಿನ ಹನ್ನೆರಡು ಚಳಿಗಾಲಗಳ ರಸ್ತೆಯುಪ್ಪು ತಿಂದು ಅಲ್ಯೂಮಿನಿಯಂ ಕೇಸಿಗೆ ಕಚ್ಚಿಕೊಂಡಿತ್ತು. ಮರುದಿನ ಭಾನುವಾರ, ವರ್ಕ್‌ಶಾಪ್‌ಗಳಿಗೆ ರಜೆ. ಎಂಜಿನ್ ಸ್ಟಾರ್ಟ್ ಮಾಡಿ ಗಾಡಿಯನ್ನು ನಾಲ್ಕು ಅಡಿ ಸರಿಸುವ ಹಾಗೂ ಇರಲಿಲ್ಲ. ಎಣ್ಣೆ ಸಾಲದೆ ಒಳಗಿನ ಪಂಪ್ ಗಾಳಿ ಎಳೆದರೆ ಇಡೀ ಗೇರ್‌ಬಾಕ್ಸಿಗೇ ಸಂಚಕಾರ.

ಗಾಡಿ ಟೊಯೋಟಾ ಟಕೋಮಾ. 2009ರ ಮಾಡೆಲ್, ನಾಲ್ಕು ಲೀಟರಿನ ವಿ6 ಎಂಜಿನ್, ಐದು ಗೇರಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ಕೊಂಡಾಗಲೇ 1,18,000 ಮೈಲಿ ಓಡಿತ್ತು. ಹಿಂದೆ ಟ್ರೇಲರ್ ಕಟ್ಟಿ ಸೌದೆ, ತೋಟದ ಮಣ್ಣು ಸಾಗಿಸುತ್ತಿದ್ದೆ. ಗಂಟೆಗೆ ನಲವತ್ತೈದು ಮೈಲಿ ವೇಗದಲ್ಲಿ ಸಣ್ಣಗೆ ನಡುಗತೊಡಗಿತು, ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ. ಅನುಮಾನ ಗೇರ್‌ಬಾಕ್ಸಿನ ಎಣ್ಣೆಯ ಮೇಲೆ ಹೋಯಿತು. ಮಾಮೂಲಿ ಬಳಕೆಯಲ್ಲಿ ಈ ಎಣ್ಣೆ ಬದಲಿಸುವ ಮಾತೇ ಮ್ಯಾನ್ಯುಯಲ್‌ನ ಪಟ್ಟಿಯಲ್ಲಿಲ್ಲ. ಭಾರ ಎಳೆಯುವವರು ಮಾತ್ರ 60,000 ಮೈಲಿಗೊಮ್ಮೆ ಬದಲಿಸಬೇಕು. ಹಿಂದಿನ ಮಾಲೀಕರು ಬದಲಿಸಿದ್ದಕ್ಕೆ ಯಾವ ಚೀಟಿಯೂ ಸಿಗಲಿಲ್ಲ.

ನಾನೇ ಮಾಡುತ್ತೇನೆಂಬ ಧೈರ್ಯ ಬಂದದ್ದು ಕೊಪ್ಪದ ಕಡೆಯ ನಮ್ಮ ಮನೆಯ ಮಹೀಂದ್ರಾ ಜೀಪಿನಿಂದ. ಅಪ್ಪ ಅದರ ಗೇರ್ ಆಯಿಲ್ ಬದಲಿಸುವಾಗ ಟಾರ್ಚ್ ಹಿಡಿಯುತ್ತಿದ್ದವನು ನಾನು. ಜೋನಿ ಬೆಲ್ಲದಂತೆ ಮಂದವಾದ, ಗಂಧಕದ ವಾಸನೆಯ ಎಣ್ಣೆ. ತುಂಬಿದ ಮೇಲೆ ಪಕ್ಕದ ತೂತಿಗೆ ಕಿರುಬೆರಳು ಹಾಕಿ ನೋಡುವುದು. ತುದಿಗೆ ತಾಗಿದರೆ ಸರಿ, ಇಲ್ಲವಾದರೆ ಇನ್ನೊಂದಿಷ್ಟು. ಬಿಸಿಯೋ ತಣ್ಣಗೋ ಎಂದು ಕೇಳುವವರಿರಲಿಲ್ಲ. ಜೀಪು ಇಪ್ಪತ್ತು ವರ್ಷ ಘಾಟಿ ಹತ್ತಿತು. ಆ ಬೆರಳಿನ ಲೆಕ್ಕವನ್ನೇ ನಾನು ಇಲ್ಲಿಗೂ ತಂದೆ, ಕೆಡಿಸಿಕೊಂಡದ್ದು ಅಲ್ಲೇ.

ಜೀಪಿನ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹಲ್ಲುಚಕ್ರಗಳಿಗೆ ಸವರಿಕೊಂಡಿರುತ್ತದೆ, ಅಷ್ಟೆ. ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯೂ ಯಂತ್ರದ ಒಂದು ಭಾಗ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಟಾರ್ಕ್ ಕನ್ವರ್ಟರಿನ ಕೆಲಸ ಹಾಗೆಯೇ. ಗಾಳಿಯ ಜಾಗದಲ್ಲಿ ಎಣ್ಣೆ. ಎಂಜಿನ್ನಿನ ಬಲ ಗಾಲಿಯ ಕಡೆಗೆ ದಾಟುವುದು ಅದರ ಮೂಲಕ. ಗೇರ್ ಬದಲಾಗುವುದೂ ಎಣ್ಣೆಯ ಒತ್ತಡದಿಂದಲೇ: ಪಂಪ್ ತಳ್ಳಿದ ಎಣ್ಣೆ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಕ್ಲಚ್ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತುತ್ತದೆ. ಅಲ್ಲಿ ಹುಟ್ಟಿದ ಶಾಖವನ್ನು ಕೂಲರಿಗೆ ಹೊತ್ತೊಯ್ಯುವುದೂ ಅದೇ. ಬಿಲ್ಲೆಗಳು ಜಾರದೆ ಕಚ್ಚಬೇಕು, ಆದರೆ ಧಡಕ್ಕೆಂದು ಕಚ್ಚಬಾರದು. ಆ ಹದ ಎಣ್ಣೆಗೆ ಬೆರೆಸಿದ ರಾಸಾಯನಿಕಗಳಲ್ಲಿದೆ. 1970ರ ದಶಕದ ಆರಂಭದವರೆಗೂ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರೆಂದು ಓದಿದಾಗ ಸಂಕಟವಾಯಿತು. ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನ ಬಲ್ಲವರು ಬೇರೆ ದಾರಿ ಹುಡುಕಿಕೊಂಡರು. ನನ್ನ ಗಾಡಿಗೆ ಬೇಕಾದದ್ದು ಟೊಯೋಟಾದ ಡಬ್ಲ್ಯುಎಸ್ ಎಂಬ ಎಣ್ಣೆ. ಡಬ್ಬಿ ತೆರೆದರೆ ಪುನರ್ಪುಳಿ ಶರಬತ್ತಿನ ಕೆಂಪು, ನೀರಿನಷ್ಟೇ ತೆಳು ಎನ್ನಿಸುವಂಥದು.

ನನ್ನ ತಟ್ಟೆಗೆ ಬಿದ್ದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣದ ಎಣ್ಣೆ. ಸುಟ್ಟ ವಾಸನೆ ಇರಲಿಲ್ಲ, ಅದೊಂದು ಸಮಾಧಾನ. ಸುಟ್ಟ ವಾಸನೆ ಬಂದು, ಎಣ್ಣೆಯಲ್ಲಿ ಕಪ್ಪು ಚೂರುಗಳು ತೇಲಿದ್ದರೆ ಕ್ಲಚ್ ಬಿಲ್ಲೆಗಳೇ ಸವೆದಿರುತ್ತವೆ. ಹೊಸ ಎಣ್ಣೆ ಅವನ್ನು ಮರಳಿ ಬೆಳೆಸುವುದಿಲ್ಲ.

ಪಕ್ಕದ ಮನೆಯ ಹಿರಿಯರು ವಿಲ್ಲೋ ರನ್ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಎರಡನೆಯ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳನ್ನು ತಯಾರಿಸಿದ ಜಾಗ ಅದು. 1953ರಲ್ಲಿ ಜನರಲ್ ಮೋಟಾರ್ಸಿನ ಲಿವೋನಿಯಾ ಗೇರ್‌ಬಾಕ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಕಂಪನಿ ಆ ಕೆಲಸವನ್ನು ವಿಲ್ಲೋ ರನ್‌ಗೆ ತಂದಿತು. 2010ರವರೆಗೂ ಅಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳು ತಯಾರಾದವು. ಆ ಸಂಜೆ ಅವರು ಬಂದು ಬಗ್ಗಿ ನೋಡಿದರು. ಬೇಲಿಯಾಚೆ ಹೋಗಿ ತುಕ್ಕು ಬಿಡಿಸುವ ಎಣ್ಣೆ ತಂದು ಪ್ಲಗ್ಗಿನ ಸುತ್ತ ಹೊಡೆದು, ಬೆಳಗಿನ ತನಕ ಮುಟ್ಟಬೇಡ ಎಂದರು. ಭಾನುವಾರ ಮೂರಡಿ ಉದ್ದದ ಕಬ್ಬಿಣದ ಹಿಡಿಯೊಂದಿಗೆ ಬಂದರು. ಇಬ್ಬರೂ ಸೇರಿ ನಿಧಾನವಾಗಿ ಭಾರ ಬಿಟ್ಟೆವು. ಗುಂಡು ಹಾರಿದಂಥ ಸದ್ದಿನೊಂದಿಗೆ ಪ್ಲಗ್ ಸಡಿಲಾಯಿತು. ತುಂಬುವ ಬಾಯಿ ತೆರೆಯುತ್ತದೋ ಇಲ್ಲವೋ ನೋಡದೆ ಬಿಡುವ ಬಾಯಿಗೆ ಕೈ ಹಾಕಬೇಡ ಎಂದು ಅವರು ಹೇಳಿದರು. ಬೈಗುಳ ಆ ಮಾತಿನಲ್ಲಿರಲಿಲ್ಲ. ಅವರ ಮುಖ ನೋಡಿದರೆ ತಾವೂ ಒಮ್ಮೆ ಹೀಗೆ ಸಿಕ್ಕಿಬಿದ್ದವರೇ ಅನ್ನಿಸಿತು.

ಅಲ್ಲಿಗೆ ಮುಗಿಯಲಿಲ್ಲ. ಎಷ್ಟು ಹೊರಬಂತೆಂದು ನಾನು ಅಳೆದಿರಲಿಲ್ಲ. ಅರ್ಧದಷ್ಟು ಕಾಂಕ್ರೀಟಿನ ಮೇಲೆ ಚೆಲ್ಲಿ, ಅದರ ಮೇಲೆ ಮರದ ಹೊಟ್ಟು ಸುರಿದೂ ಆಗಿತ್ತು. ಮುಂದಿನ ಎರಡು ಚಕ್ರಗಳನ್ನು ಮಾತ್ರ ರ‍್ಯಾಂಪ್ ಮೇಲೆ ಹತ್ತಿಸಿದ್ದರಿಂದ ಗಾಡಿ ಮೂಗೆತ್ತಿ ನಿಂತಿತ್ತು. ಕೈಪಂಪಿನಿಂದ ಎಣ್ಣೆ ತುಂಬಿ, ಊರೆಲ್ಲ ಸುತ್ತಾಡಿಸಿ ತಂದು, ಮತ್ತೆ ಹಾಗೆಯೇ ರ‍್ಯಾಂಪ್ ಹತ್ತಿಸಿ, ಅಳತೆ ನೋಡುವ ಪ್ಲಗ್ ಬಿಚ್ಚಿದೆ. ಈ ಗೇರ್‌ಬಾಕ್ಸಿಗೆ ಅಳತೆಕಡ್ಡಿ ಇಲ್ಲ. ತಳದ ತಟ್ಟೆಯಲ್ಲಿ ನಿಲ್ಲಿಸಿದ ಸಣ್ಣ ಕೊಳವೆಯ ಬಾಯಿಗಿಂತ ಮೇಲೆ ನಿಂತ ಎಣ್ಣೆ ಆ ತೂತಿನಿಂದ ಹೊರಬರುತ್ತದೆ. ನಿಂತಾಗ ಉಳಿದದ್ದೇ ಸರಿಯಾದ ಅಳತೆ. ಧಾರೆಯಾಗಿ ಸುರಿಯಿತು. ಹೆಚ್ಚಾಗಿದ್ದು ಹೋಗಲಿ ಎಂದು ಅದು ನಿಲ್ಲುವ ತನಕ ಬಿಟ್ಟೆ.

ಸೋಮವಾರ ಬೆಳಿಗ್ಗೆ ಹೊರಗೆ ಹಿಮಗಟ್ಟುವ ಚಳಿ. ರಿವರ್ಸ್ ಹಾಕಿದರೆ ಗಾಡಿ ಮೂರು ಸೆಕೆಂಡು ಯೋಚಿಸಿ ಆಮೇಲೆ ಕದಲಿತು. ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಕೂಗಿ ಏರಿತು, ಗೇರ್ ಕಚ್ಚಲಿಲ್ಲ. ವಾಪಸು ತಂದು ನಿಲ್ಲಿಸಿದೆ. ಹೆಂಡತಿ ನನ್ನನ್ನು ತನ್ನ ಕಾರಿನಲ್ಲಿ ಆಫೀಸಿಗೆ ಬಿಟ್ಟಳು, ದಾರಿಯುದ್ದಕ್ಕೂ ಆ ಕೂಗು ನನ್ನ ಕಿವಿಯಲ್ಲಿತ್ತು.

ಕಾರಣ ಶಾಖ. ಒಟ್ಟು ಸುಮಾರು ಹತ್ತು ಲೀಟರ್ ಎಣ್ಣೆ 50 ಡಿಗ್ರಿಯಷ್ಟು ಕಾದರೆ ಲೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಹಿಗ್ಗುತ್ತದೆ. ಕುದಿಬಿಸಿಯಲ್ಲಿ ನಾನು ಹೊರಬಿಟ್ಟದ್ದು ಹೆಚ್ಚಾದ ಎಣ್ಣೆಯಲ್ಲ, ಹಿಗ್ಗಿದ ಎಣ್ಣೆ. ತಣಿದಾಗ ಮಟ್ಟ ಕೆಳಗಿಳಿದು ಪಂಪ್ ಗಾಳಿಯನ್ನೂ ಎಳೆಯಿತು, ಒತ್ತಡ ಬಿತ್ತು, ಕ್ಲಚ್ ಜಾರಿತು. ಈ ಗಾಡಿಯಲ್ಲಿ ಅಳತೆ ನೋಡಬೇಕಾದದ್ದು ಎಣ್ಣೆ 46ರಿಂದ 56 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ, ಎಂಜಿನ್ ಚಾಲೂ ಇದ್ದಾಗ, ಗಾಡಿ ನಾಲ್ಕೂ ಕಡೆ ಸಮತಟ್ಟಾಗಿದ್ದಾಗ. ಮೂರರಲ್ಲಿ ಎರಡನ್ನು ನಾನು ತಪ್ಪಿದ್ದೆ.

ಆ ಶಾಖವನ್ನು ತಿಳಿಯಲು ಟೊಯೋಟಾ ಇಟ್ಟಿರುವ ಉಪಾಯ ನನಗೆ ಬಹಳ ಹಿಡಿಸಿತು. ಸ್ಟಿಯರಿಂಗ್ ಕೆಳಗಿನ ತಪಾಸಣೆ ಸಾಕೆಟ್ಟಿನಲ್ಲಿ 4 ಮತ್ತು 13ನೆಯ ರಂಧ್ರಗಳನ್ನು ಒಂದು ತಂತಿಯಿಂದ ಜೋಡಿಸಬೇಕು; ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ ಸಾಕು. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಹಿಡಿದು, ಗೇರ್ ಕಡ್ಡಿಯನ್ನು ಎಲ್ಲ ಸ್ಥಾನಗಳಿಗೂ ಒಯ್ದು ತರಬೇಕು. ಆಮೇಲೆ ನ್ಯೂಟ್ರಲ್ಲಿಗೂ ಡ್ರೈವಿಗೂ ನಡುವೆ ಆರು ಸೆಕೆಂಡಿಗೂ ಹೆಚ್ಚು ಹೊತ್ತು ಬೇಗ ಬೇಗ ಆಡಿಸಬೇಕು. 'ಡಿ' ದೀಪ ಎರಡು ಸೆಕೆಂಡ್ ಬೆಳಗಿತೆಂದರೆ ಗಾಡಿ ಶಾಖ ಹೇಳಲು ಸಿದ್ಧ. ಆ ಮೇಲೆ ದೀಪ ಆರಿದ್ದರೆ ಎಣ್ಣೆ ಇನ್ನೂ ತಣ್ಣಗಿದೆ, ನಿಂತು ಬೆಳಗಿದರೆ ಹದಕ್ಕೆ ಬಂದಿದೆ, ಮಿಣುಕಿದರೆ ಹದ ಮೀರಿದೆ.

ಎರಡನೆಯ ಸಲ ಚಕ್ರಗಳಿಗೆ ಮರದ ತಡೆ ಕೊಟ್ಟು, ನಾಲ್ಕು ಸ್ಟ್ಯಾಂಡುಗಳ ಮೇಲೆ ಗಾಡಿ ಎತ್ತಿ, ಮಟ್ಟಗೋಲಿಟ್ಟು ನೋಡಿದೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ ಎಂದು ಯಾರಿಗಾದರೂ ಕೈಮುಗಿದು ಹೇಳಬಲ್ಲೆ. ಗೇರ್ ಆಡಿಸುವ ಹೊತ್ತಿನಲ್ಲಂತೂ ಕೆಳಗೆ ಯಾರೂ ಇರಬಾರದು. ಹೆಂಡತಿ ಸೀಟಿನಲ್ಲಿ ಕೂತಳು, ನಾನು ಹೊರಗೆ ನಿಂತಿದ್ದೆ. ಕಡ್ಡಿ ಪಾರ್ಕ್‌ಗೆ ಬಂದಮೇಲೆ, ದೀಪ ಬಂತು ಎಂದಾಗ, ಕೆಳಗೆ ಹೋಗಿ ಪ್ಲಗ್ ತೆಗೆದೆ. ಒಂದು ಹನಿಯೂ ಬೀಳಲಿಲ್ಲ. ಸ್ವಲ್ಪ ಸ್ವಲ್ಪವೇ ಪಂಪ್ ಮಾಡುತ್ತ ಹೋದೆ, ಮುಕ್ಕಾಲು ಲೀಟರಿನ ಹತ್ತಿರ ಕೆಂಪು ಧಾರೆ ಕಾಣಿಸಿತು. ಅದು ದಾರದಷ್ಟು ಸಣ್ಣಗಾಗಿ, ಹನಿಹನಿಯಾದಾಗ ಪ್ಲಗ್ ಹಾಕಿದೆ. ಬಿಗಿತ 20 ನ್ಯೂಟನ್ ಮೀಟರ್, ಕೈಗೆ ಸಾಲದು ಅನ್ನಿಸುವಷ್ಟು ಕಡಿಮೆ. ಅಲ್ಲಿ ತೋಳ್ಬಲ ತೋರಿಸಿದರೆ ಮರೆ ಕಿತ್ತುಬರುತ್ತದೆ.

ಒಂದು ಸಲಕ್ಕೆ ಕೆಳಗಿಳಿಯುವುದು ಸುಮಾರು ಮೂರು ಕ್ವಾರ್ಟ್, ಅಂದರೆ ಮೂರು ಲೀಟರಿಗೆ ತುಸು ಕಡಿಮೆ. ಒಟ್ಟು ಇರುವುದು ಹನ್ನೊಂದು ಕ್ವಾರ್ಟಿನ ಆಸುಪಾಸು. ಉಳಿದದ್ದು ಕನ್ವರ್ಟರಿನಲ್ಲೂ ಕೂಲರಿನಲ್ಲೂ ಇರುತ್ತದೆ. ಹುಳಿ ಮಜ್ಜಿಗೆಗೆ ಹೊಸ ಮೊಸರು ಬೆರೆಸಿದ ಹಾಗೆ, ಮೂರು ಸಲ ಬದಲಿಸಿದರೂ ಹೊಸದು ನೂರಕ್ಕೆ ಅರವತ್ತರಷ್ಟು ಮಾತ್ರ. ಯಂತ್ರ ಹಚ್ಚಿ ಒಂದೇ ಏಟಿಗೆ ಎಲ್ಲ ತೊಳೆದುಬಿಡುತ್ತೇವೆ ಎನ್ನುವ ಅಂಗಡಿಗಳಿವೆ. ಇಷ್ಟು ಮೈಲಿ ಓಡಿದ, ಇತಿಹಾಸ ಗೊತ್ತಿಲ್ಲದ ಗೇರ್‌ಬಾಕ್ಸಿಗೆ ನಾನು ನಿಧಾನದ ದಾರಿಯನ್ನೇ ಆರಿಸಿಕೊಂಡೆ: ಆರು ತಿಂಗಳಿಗೊಮ್ಮೆ, ಅಳೆದು ತೆಗೆದು, ಅಳೆದು ಹಾಕುವುದು. ಎರಡನೆಯ ಬದಲಾವಣೆಯ ನಂತರ ನಡುಕ ಹೆಚ್ಚುಕಡಿಮೆ ನಿಂತಿದೆ. ಟ್ರೇಲರ್ ಎಳೆಯುತ್ತ ಏರು ಹತ್ತುವಾಗ ಈಗಲೂ ಅಪರೂಪಕ್ಕೆ ಬರುತ್ತದೆ.

ಹಳೆಯ ಎಣ್ಣೆಯನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ ಬಿಡಿಭಾಗದ ಅಂಗಡಿಗೆ ಕೊಟ್ಟುಬರುತ್ತೇನೆ, ದುಡ್ಡಿಲ್ಲದೆ ತೆಗೆದುಕೊಳ್ಳುತ್ತಾರೆ. ಊರಿನಲ್ಲಿ ನಾವದನ್ನು ಗೆದ್ದಲು ಹತ್ತದಿರಲೆಂದು ಬೇಲಿಗೂಟಗಳಿಗೆ ಬಳಿಯುತ್ತಿದ್ದೆವು, ಮಿಕ್ಕದ್ದನ್ನು ಹಿತ್ತಿಲ ಗುಂಡಿಗೆ. ಬಾವಿ ಅಲ್ಲಿಂದ ಮೂವತ್ತು ಹೆಜ್ಜೆ. ಅದು ನೆನಪಾದಾಗಲೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳುತ್ತೇನೆ, ಈಗ ಊರಿನ ಗ್ಯಾರೇಜಿನವರಿಗೇ ಕೊಡುತ್ತಿದ್ದಾರೆ.

ಕಳೆದ ಏಪ್ರಿಲಿನಲ್ಲಿ ಮತ್ತೆ ಮಾಡಿದೆ. ಗಾಡಿ ಎತ್ತಿ, ಮಟ್ಟ ನೋಡಿ, ಕೆಳಗೆ ಜಾರಿದೆ. ಮೊದಲು ಕೈ ಹೋದದ್ದು 24ರ ಪ್ಲಗ್ಗಿಗೆ. ಹೋದ ಸಲ ಹೊಸದಾಗಿ ಹಾಕಿದ ಪ್ಲಗ್, ಹೊಸ ರಿಂಗು. ಒಂದೇ ಕೈಯ ತಿರುವಿಗೆ ಬಿಟ್ಟುಕೊಟ್ಟಿತು. ಅದನ್ನು ಒರೆಸಿ ಬಟ್ಟೆಯ ಮೇಲಿಟ್ಟು, ಅಳತೆಯ ಗೆರೆಯಿರುವ ಬಕೆಟ್ಟನ್ನು ತಟ್ಟೆಯಡಿಗೆ ಸರಿಸಿದೆ.