ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದಾಗ ಕೈ ಮೊದಲು ಹೋಗುವುದು ಲೈಟಿನ ಸ್ವಿಚ್ಚಿಗೆ. ಅದೊಂದು ಬೇಡ. ಹಾಕಿದರೂ ಆರಿಸಿದರೂ ಕಿಡಿ ಹಾರಬಹುದು. ಎಕ್ಸಾಸ್ಟ್ ಫ್ಯಾನೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು ಸಿಲಿಂಡರ್ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ಬರೀ ಕಿಟಕಿ ತೆರೆದರೆ ಸಾಲದು. ಬೆಂಗಳೂರಿನ ಹಲವು ಬಡಾವಣೆಗಳಿಗೆ ಬಂದಿರುವ ಪೈಪ್ ಗ್ಯಾಸ್ ಹಗುರ, ಮೇಲಕ್ಕೇರುತ್ತದೆ.

ಸೋರಿಕೆಯ ಜಾಗ ಹುಡುಕಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಅಲ್ಲೇ. ಕಡ್ಡಿ ಗೀರಿ ನೋಡುವ ಧೀರರು ಇನ್ನೂ ಇದ್ದಾರೆ! ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಆಯುಸ್ಸು 5 ವರ್ಷ. ಇನ್ನು ಪೈಪ್ ಲೈನ್ ಅತ್ತಿತ್ತ ಸರಿಸುವುದಿದ್ದರೆ, ಗುರುತಿನ ಪ್ಲಂಬರ್ ಎಷ್ಟೇ ಒಳ್ಳೆಯವನಾಗಿರಲಿ, ಗ್ಯಾಸ್ ಕಂಪನಿಯವರನ್ನೇ ಕರೆಸಿ.